ಹೆಸರಿನ ಪಕ್ಕದ ತೂತು

ದೋಹಾದ ಆ ಆಫೀಸಿನಲ್ಲಿ ನಾನು ಮ್ಯಾನೇಜರನ ಟೈಪಿಸ್ಟ್. ಅವನು ಇಂಗ್ಲೆಂಡಿನ ಹಳೆಯ ಜಮೀನ್ದಾರಿ ಮನೆತನದವನು. ಊಟದ ಬಿಡುವಿನಲ್ಲಿ ನನ್ನಿಂದ ತನ್ನ ವಂಶದ ಚರಿತ್ರೆ ಟೈಪ್ ಮಾಡಿಸುತ್ತಿದ್ದ. ರಾಣಿ ವರ್ಷಕ್ಕೊಬ್ಬರಿಗೆ ಕೊಡುವ, ಅವರ ಜಿಲ್ಲೆಯ ಶೆರಿಫ್ ಎಂಬ ಗೌರವದ ಹುದ್ದೆ ನಾಲ್ಕಾರು ಭೂಮಾಲೀಕರ ಮನೆಗಳನ್ನು ದಾಟಿ ಹೋದದ್ದೇ ಅಪರೂಪವಂತೆ. ಇವರ ಮನೆಗೇ ಒಂಬತ್ತು ಸಲ ಬಂದಿತ್ತು. ನಮ್ಮ ತಾತನೂ ಊರಿನ ಶಾನುಭೋಗರು ಎಂದು ನಾನೊಮ್ಮೆ ಬಾಯಿಬಿಟ್ಟೆ. "ಮುಂದಿನ ಪುಟ" ಎಂದ.

ಆ ಚರಿತ್ರೆಯಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. ಶೆರಿಫ್ ಯಾರಾಗಬೇಕೋ ಪಟ್ಟಿಯಲ್ಲಿ ಅವರ ಹೆಸರಿನ ಪಕ್ಕ ರಾಣಿ ಬೆಳ್ಳಿ ದಬ್ಬಳದಿಂದ ಚುಚ್ಚುತ್ತಾಳೆ. ಶಾಯಿಯನ್ನು ಕೆರೆಯಬಹುದು, ತೂತನ್ನು ಅಳಿಸಲಾಗದು. ಅಂಥದೇ ಒಂದು ದಬ್ಬಳ ಇವನ ಮೇಜಿನ ಮೇಲೂ ಇತ್ತು.

ಕೊಲ್ಲಿ ಯುದ್ಧ ಮುಗಿದ ಮರುವರ್ಷ ಕೆಲಸ ಇಳಿಯಿತು. ಡ್ರಾಯಿಂಗ್ ವಿಭಾಗದ ಎಂಟು ಜನರಲ್ಲಿ ನಾಲ್ವರನ್ನು ಕಳಿಸುತ್ತಾರೆಂದು ಸುದ್ದಿ. ಎಂಟೂ ಹೆಸರುಗಳ ಪಟ್ಟಿ ಟೈಪ್ ಮಾಡಿದ್ದು ನಾನೇ. ಅದು ಫೈಲಿಗೆ ಹಿಂತಿರುಗಿದಾಗ ನಾಲ್ಕು ಹೆಸರುಗಳ ಪಕ್ಕ ತೂತಿತ್ತು. ಒಂದು, ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಉಡುಪಿ ಕಡೆಯವರದು. ಅವರಿಗೆ ಬೇರೆ ಕಂಪನಿಯಿಂದ ಕರೆ ಬಂದಿತ್ತು. ಆದರೆ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ಸಿಗುವುದು ನಮ್ಮ ಕಂಪನಿಯಲ್ಲೇ ಉಳಿದರೆ ಮಾತ್ರ.

"ಪಟ್ಟಿ ನೋಡಿದ್ರಾ ಮಾರಾಯ್ರೆ? ನಾಳೆ ಆ ಕಂಪನಿಗೆ ಉತ್ತರ ಕೊಡ್ಲಿಕ್ಕುಂಟು" ಎಂದರು.

"ಬೇಡ ಅಂದ್ಬಿಡಿ. ನಿಮ್ಮ ಹೆಸರಿಗೆ ಚುಚ್ಚಿದಾನೆ, ನೀವು ಉಳಿದ್ರಿ" ಎಂದೆ, ಎಲ್ಲ ಬಲ್ಲವನಂತೆ. ಅವರು ಮರುದಿನವೇ ಆ ಕೆಲಸ ಬಿಟ್ಟುಕೊಟ್ಟರು.

ಶನಿವಾರ ನಾಲ್ಕು ವಜಾ ಪತ್ರಗಳು ಟೈಪಿಗೆ ಬಂದವು. ನಾಲ್ಕನೆಯದು ಅವರದು. ಮ್ಯಾನೇಜರನ ಕೋಣೆಗೆ ಹೋಗಿ, ಚುಚ್ಚಿದವರು ಆಯ್ಕೆಯಾದವರಲ್ಲವೇ ಎಂದು ಕೇಳಿದೆ.

"ಅದು ಶೆರಿಫ್‌ಗಳಿಗೆ. ಇಲ್ಲಿ ಹೋಗುವವರಿಗೆ ಗುರುತು ಹಾಕಿದೆ, ಅಷ್ಟೆ" ಎಂದು ನಕ್ಕ. ಅವನ ಒಂಬತ್ತು ಶೆರಿಫ್‌ಗಳ ಮೇಲೂ ನನಗೆ ಹೇಸಿಗೆ ಹುಟ್ಟಿತು. ಅದಕ್ಕಿಂತ ಹೆಚ್ಚು ನನ್ನ ಮೇಲೆ.

ರೂಮಿಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ" ಎಂದರು. ಬಿಟ್ಟುಕೊಟ್ಟ ಕೆಲಸಕ್ಕೆ ಫೋನ್ ಮಾಡಿದರೆ ಅಲ್ಲಿಯೂ ಖಲಾಸ್, ಬೇರೆಯವರನ್ನು ತೆಗೆದುಕೊಂಡಾಗಿತ್ತು. ಎರಡು ವಾರದಲ್ಲಿ ಊರಿಗೆ ಹೊರಟರು.

ಅವರು ಹೋದ ಮರುದಿನ ಊಟದ ಬಿಡುವಿನಲ್ಲಿ ಮ್ಯಾನೇಜರ್ ಹೊಸ ಅಧ್ಯಾಯದ ಹಾಳೆಗಳನ್ನು ನನ್ನ ಮುಂದಿಟ್ಟ. ನಾನು ಒಲ್ಲೆ ಎನ್ನಲಿಲ್ಲ. ನನ್ನ ಹೆಂಡತಿಯ ವೀಸಾ ಅರ್ಜಿ ಅವನ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು.