ಮೊದಲು ಮೊಣಕೈ, ಆಮೇಲೆ ಮುಖ

ಹೋಟೆಲಿನ ಮ್ಯಾನೇಜರಮ್ಮನ ಎದುರಿಗೇ ಮುಖ ಉರಿಯತೊಡಗಿದಾಗ ಕ್ಷೌರದಂಗಡಿಯ ಯಜಮಾನ ಮೊದಲು ಹಲ್ಲು ಕಿರಿದ. “ನೋಡಿ ಮೇಡಂ, ಏನೂ ಆಗಲ್ಲ” ಎಂದ. ಅಷ್ಟರಲ್ಲಿ ಎರಡೂ ಕೆನ್ನೆ ಟೊಮೆಟೊ ಬಣ್ಣಕ್ಕೆ ತಿರುಗಿದ್ದವು. ಆಮೇಲೆ ಮಾತು ನಿಲ್ಲಿಸಿ ನಲ್ಲಿಯ ಕಡೆ ಓಡಿದ.

“ಬರೀ ನೀರಿಗೆ ಆ ಎಣ್ಣೆ ಹೋಗಲ್ಲ!” ಎನ್ನುತ್ತ ಪರದೆಯ ಹಿಂದಿನಿಂದ ಅತ್ತಿಗೆ ಬಂದಳು. ಎಳ್ಳೆಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮೈದುನನ ಮುಖವನ್ನು ಪಾತ್ರೆ ಒರೆಸಿದಂತೆ ಒರೆಸಿ, “ಕಣ್ಣು ಮುಚ್ಕೋ. ಈಗ ಸೋಪು ಹಾಕಿ ತೊಳಿ” ಎಂದಳು.

ಅಂಗಡಿಯ ಮುಂಭಾಗ ಅವನದು. ಅಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಮತ್ತು ಕೇಳದಿದ್ದರೂ ಸಿಗುವ ಅವನ ಅಭಿಪ್ರಾಯಗಳು. ಪರದೆಯ ಹಿಂದಿನ ಕೋಣೆ ಅಣ್ಣನ ಹೆಂಡತಿಯದು. ಹೆಂಗಸರ ಭುಜ, ಬೆನ್ನು, ಪಾದ ತಿಕ್ಕಿ ಸಡಿಲಿಸುವುದು ಅವಳ ಕೆಲಸ. ಎದುರಿಗೆ ಹೊಸ ಮಸಾಜ್ ಪಾರ್ಲರ್ ಬಂದಮೇಲೆ ಇಬ್ಬರೂ ನೊಣ ಹೊಡೆಯುತ್ತ ಕೂತಿದ್ದರು. ಹೋಟೆಲಿನವರು ತಮ್ಮ ಅತಿಥಿಗಳನ್ನು ಇಲ್ಲಿಗೆ ಕಳಿಸಿದರೆ ಅಂಗಡಿ ಉಳಿಯುತ್ತಿತ್ತು. ಇಲ್ಲದಿದ್ದರೆ ಬಾಗಿಲು ಎಳೆಯುವುದೊಂದೇ ದಾರಿ. ಕೈಗುಣ ನೋಡಲೆಂದು ಮ್ಯಾನೇಜರಮ್ಮ ಖುದ್ದಾಗಿ ಬಂದದ್ದು ಆ ಕಾರಣಕ್ಕೇ.

ಅತ್ತಿಗೆಯ ನೆಚ್ಚಿನ ವಸ್ತು ಧೂಪದ ಮರದ ಅಂಟಿನಿಂದ ಇಳಿಸಿದ ಸುಗಂಧ ತೈಲ. ಒಂದು ಬಟ್ಟಲು ಎಳ್ಳೆಣ್ಣೆಗೆ ಕೆಲವೇ ಹನಿ ಬೆರೆಸುತ್ತಿದ್ದಳು. ಬೆರೆಸಿದ್ದನ್ನೂ ಮೊದಲ ದಿನ ಮೈಗೆ ಹಚ್ಚುವಂತಿರಲಿಲ್ಲ. ಮೊಣಕೈಯ ಒಳಮಡಿಕೆಗೆ ಚೂರು ಸವರಿ, “ನಾಳೆ ಬನ್ನಿ” ಎನ್ನುವಳು. ಹಾಗೆ ಹೇಳಿಸಿಕೊಂಡವರಲ್ಲಿ ಅರ್ಧ ಜನ ಅಂದೇ ರಸ್ತೆ ದಾಟಿ ಎದುರು ಪಾರ್ಲರಿಗೆ ಹೋಗುತ್ತಿದ್ದರು.

ಮೈದುನನಿಗೆ ಇದು ಹೊಟ್ಟೆಗೆ ಬೆಂಕಿ ಇಟ್ಟ ಹಾಗೆ. ಅವನೊಮ್ಮೆ ಈ ಎಣ್ಣೆ ಕೀಲುನೋವು, ನಿದ್ರಾಹೀನತೆ, ಸುಕ್ಕು, ಬೋಳುತಲೆ ಎಲ್ಲಕ್ಕೂ ಮದ್ದು, ಎರಡು ಹನಿ ಕುಡಿದರೂ ಒಳ್ಳೆಯದು ಎಂದು ಬೋರ್ಡು ಬರೆಸಿದ್ದ. ಕುಡಿಯುವ ಸಾಲನ್ನು ಅತ್ತಿಗೆ ಅಂದೇ ಅಳಿಸಿದಳು. ಬೋಳುತಲೆಯ ಸಾಲನ್ನು ಗಿರಾಕಿಗಳೇ ಅವನ ತಲೆ ನೋಡಿ ಅಳಿಸಿಬಿಟ್ಟರು.

ಅವತ್ತು ಮ್ಯಾನೇಜರಮ್ಮ ಬಂದಾಗಲೂ ಮೊದಲು ಅದೇ ಉಪಚಾರವಾಯಿತು. ಅತ್ತಿಗೆ ಕೇಳಿದಳು: “ರಕ್ತ ತೆಳುವಾಗೋ ಮಾತ್ರೆ ತಗೋತೀರಾ? ಬಸುರಿಯಾ?”

ಮೊಮ್ಮಕ್ಕಳಿದ್ದ ಮ್ಯಾನೇಜರಮ್ಮ ಹುಬ್ಬೇರಿಸಿದಳು. “ನನ್ನ ವಯಸ್ಸು ನೋಡಿ ಕೇಳ್ತಿದ್ದೀರಾ?”

“ಮುಖ ನೋಡಿ ಕೇಳೋಕೆ ಹೋದ್ರೆ ಯಾರನ್ನೋ ಬಿಟ್ಟುಬಿಡ್ತೀವಮ್ಮಾ. ಅದಕ್ಕೆ ಎಲ್ಲರನ್ನೂ ಕೇಳೋದು. ಹೌದು ಅಂದವರಿಗೆ ಡಾಕ್ಟರನ್ನ ಕೇಳಿ ಬನ್ನಿ ಅಂತೀನಿ.” ಮೊಣಕೈಗೆ ಸವರಿ, “ನಾಳೆ ಬನ್ನಿ” ಎಂದು ಒಳಗೆ ಹೋದಳು.

ಒಪ್ಪಂದವೇ ಎದ್ದು ಹೋಗುತ್ತಿರುವಂತೆ ಕಂಡಿತು ಮೈದುನನಿಗೆ. ಐವತ್ತರ ಹತ್ತಿರದ ನಮ್ಮಂಥ ಗಂಡಸರಿಗೆ ಇಂಥ ಹೊತ್ತಿನಲ್ಲಿ ಬುದ್ಧಿಗಿಂತ ಮುಂಚೆ ಕೈ ಓಡುತ್ತದೆ. ಬೀದಿಗೆಲ್ಲ ಪರಿಮಳ ಹರಡಲೆಂದು ಅವನೇ ಮುಚ್ಚಳ ತೆಗೆದು ಕಿಟಕಿಯ ಬಿಸಿಲಿಗಿಟ್ಟಿದ್ದ ಸುಗಂಧ ತೈಲದ ಬಾಟಲಿ ಕೈಗೆ ಸಿಕ್ಕಿತು. ನಾಳೆಯವರೆಗೆ ಕಾಯಬೇಕಿಲ್ಲ ಎಂದು ತೋರಿಸಲು, ಏನೂ ಬೆರೆಸದೆ, ಆಗಷ್ಟೇ ಗಡ್ಡ ಹೆರೆದಿದ್ದ ಕೆನ್ನೆಗೆ ಧಾರಾಳವಾಗಿ ಬಳಿದುಕೊಂಡ.

ಅವನು ಮುಖ ತೊಳೆದು ಬಂದಮೇಲೆ, “ಗಾಳಿ ಬಿಸಿಲಿಗೆ ಕೆಟ್ಟ ಎಣ್ಣೆ ಇನ್ನೂ ಜಾಸ್ತಿ ಕಚ್ಚುತ್ತೆ” ಎಂದು ಅತ್ತಿಗೆ ಆ ಬಾಟಲಿಯನ್ನು ಎತ್ತಿಟ್ಟಳು. ಮ್ಯಾನೇಜರಮ್ಮ ಅವನ ಮುಖವನ್ನೇ ನೋಡಿ ಹೊರಟುಹೋದಳು.

ಮರುದಿನ ಬೆಳಗ್ಗೆ ಮೈದುನನ ಮುಖ ಬನ್ನಿನಂತೆ ಉಬ್ಬಿತ್ತು. ಡಾಕ್ಟರಿಗೆ ತೋರಿಸಿ, ಮುಲಾಮು ಹಚ್ಚಿಕೊಂಡು, ಕನ್ನಡಿಗೆ ಬೆನ್ನು ಹಾಕಿ ಕೂತ.

ಮಧ್ಯಾಹ್ನ ಮ್ಯಾನೇಜರಮ್ಮ ತೋಳು ಮೇಲೆತ್ತಿಕೊಂಡೇ ಒಳಬಂದಳು. ಮೊಣಕೈ ಚೆನ್ನಾಗಿತ್ತು. ಪರದೆಯ ಹಿಂದೆ ಹೋದವಳು ಅರ್ಧ ನಿದ್ದೆಯ ಕಣ್ಣಲ್ಲಿ ಹೊರಬಂದಳು.

“ಭುಜದ ಮೇಲಿದ್ದ ಹೋಟೆಲನ್ನೇ ಇಳಿಸಿದ ಹಾಗಾಯ್ತು. ಇದೆಲ್ಲ ಎಣ್ಣೆಯ ಮಹಿಮೆನಾ?”

“ವಾಸನೆಗೆ ಮನಸ್ಸು ಸ್ವಲ್ಪ ಹಗುರಾಗುತ್ತೆ. ಮಿಕ್ಕಿದ್ದು ನನ್ನ ಹೆಬ್ಬೆರಳು.”

“ಒಂದೇ ರಾತ್ರಿ ಇರೋ ಅತಿಥಿಗಳು ನಾಳೆ ಬನ್ನಿ ಅಂದ್ರೆ ಎಲ್ಲಿ ಬರ್ತಾರೆ?”

“ಅವರಿಗೆ ಬರೀ ಎಳ್ಳೆಣ್ಣೆ. ಎರಡು ದಿನ ಇರೋರಿಗೆ ಮಾತ್ರ ಇದು.”

ಮ್ಯಾನೇಜರಮ್ಮ ಮೈದುನನ ಕೆನ್ನೆಗಳ ಕಡೆ ನೋಡಿದಳು. “ನಮ್ಮ ಅತಿಥಿ ಒಬ್ಬರು ಈ ಮುಖ ಹೊತ್ಕೊಂಡು ಬಂದಿದ್ರೆ ನನ್ನ ಕೆಲಸ ಹೋಗ್ತಿತ್ತು. ನಿಮ್ಮ ‘ನಾಳೆ ಬನ್ನಿ’ಯ ಬೆಲೆ ಈಗ ಗೊತ್ತಾಯ್ತು. ಎಲ್ಲರನ್ನೂ ನಿಮ್ಮ ಹತ್ರಾನೇ ಕಳಿಸ್ತೀನಿ. ನಾಳೆ ಫೋಟೋದವರು ಬರ್ತಾರೆ, ಇಬ್ಬರೂ ಇರಿ. ಹೋಟೆಲ್ ಬಾಗಿಲಲ್ಲೇ ಹಾಕಿಸ್ತೀನಿ.”

ಅವಳು ಹೋದದ್ದೇ ತಡ, ಮೈದುನ ಕನ್ನಡಿಯತ್ತ ತಿರುಗಿದ.

“ಅತ್ತಿಗೆ, ನಾಳೆ ಫೋಟೋ ಹೊತ್ತಿಗೆ ಈ ಮುಖ ಸರಿಹೋಗುತ್ತಾ?”

ಅತ್ತಿಗೆ ಬಾಟಲಿಯ ಮುಚ್ಚಳ ಬಿಗಿಮಾಡಿ ಕಪಾಟಿನ ಕತ್ತಲೆಗೆ ತಳ್ಳಿದಳು.

“ಊದಿದ್ದು ಇಳಿಯುತ್ತೆ. ಮೊದಲಿಂದ ಇದ್ದಿದ್ದಕ್ಕೆ ನನ್ನ ಹತ್ರ ಎಣ್ಣೆ ಇಲ್ಲಪ್ಪ.”