ಕರೆಂಟು ಹೋದಾಗ ಆಡಿದ ಮಾತು

ಬನಹಟ್ಟಿಯಲ್ಲಿ ನಾನು ಮೊದಲು ಮನೆಮನೆಗೆ ಟಿವಿ ಕೇಬಲ್ ಕೊಡುತ್ತಿದ್ದೆ. ಜನ ಟಿವಿ ಬಿಟ್ಟು ಫೋನು ಹಿಡಿದ ಮೇಲೆ ಅದೇ ಕಂಬ, ಅದೇ ಮಾಳಿಗೆಗಳ ಮೇಲೆ ಇಂಟರ್ನೆಟ್ಟಿನ ವೈರು ಎಳೆದೆ. ನನ್ನ ಓದು ಹೈಸ್ಕೂಲಿಗೆ ಮುಗಿದದ್ದು, ಕಂಪ್ಯೂಟರು ಕೈಗೆ ಬಂದದ್ದು ತಲೆ ನೆರೆತ ಮೇಲೆ. ಅನುಮಾನ ಮಾತ್ರ ಬಹಳ ಮೊದಲೇ ಬಂದಿತ್ತು. ಮಾಳಿಗೆಯಿಂದ ಮಾಳಿಗೆಗೆ ಕದ್ದು ಜೋಡಿಸಿದ ಕೇಬಲ್ಲು ಹುಡುಕಿ ಕತ್ತರಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವನು ನಾನು. ಯಾರ ಮನೆಯ ಮುಂದೆ ನಿಂತರೂ ಕಣ್ಣು ಮೊದಲು ಗೋಡೆಯ ವೈರಿಗೆ ಹೋಗುತ್ತಿತ್ತು.

ಶುರುವಿನಲ್ಲಿ ಗಿರಾಕಿಗಳ ಹೆಸರು, ಪಾಸ್‌ವರ್ಡುಗಳನ್ನು ಸರ್ವರಿನ ಒಂದು ಫೈಲಿನಲ್ಲಿ ಇಟ್ಟಿದ್ದೆವು. ಒಬ್ಬ ಹೊಸಬ ಸೇರಿದರೂ ಫೈಲು ತಿದ್ದಿ, ಸರ್ವರು ನಿಲ್ಲಿಸಿ, ಮತ್ತೆ ಶುರು ಮಾಡಬೇಕಾಗುತ್ತಿತ್ತು. ಗಿರಾಕಿಗಳು ಹೆಚ್ಚಾದಾಗ ಜಮಖಂಡಿಯಿಂದ ಒಬ್ಬ ಎಂಜಿನಿಯರನ್ನು ಕರೆಸಿದೆ. ಹೆಸರುಗಳೆಲ್ಲ ಡೇಟಾಬೇಸಿನಲ್ಲಿರಲಿ ಎಂದ ಅವನು. ಯಾವುದೇ ಮನೆಯ ಗೋಡೆಗೆ ಹಾಕಿದ ಇಂಟರ್ನೆಟ್ ಡಬ್ಬಿ ಒಳಗೆ ಬರುತ್ತೇನೆಂದರೆ ಸರ್ವರು ಡೇಟಾಬೇಸನ್ನು ಕೇಳುತ್ತದೆ. ಹೆಸರು, ಪಾಸ್‌ವರ್ಡು ಹೊಂದಿದರೆ ಬಿಡುತ್ತದೆ, ಇಲ್ಲವಾದರೆ ಇಲ್ಲ. ಬಂದ ಹೊತ್ತು, ಹೋದ ಹೊತ್ತೂ ಅಲ್ಲೇ ದಾಖಲಾಗುತ್ತದೆ.

ಡೇಟಾಬೇಸಿನೊಳಗೆ ಹೋಗಲು ಸರ್ವರಿಗೂ ಒಂದು ಪಾಸ್‌ವರ್ಡು ಬೇಕಿತ್ತು. ಅದು ಅವನಿಗೆ ತಿಳಿಯಬಾರದೆಂದು ನಾನೇ ಒತ್ತುತ್ತೇನೆಂದೆ. ಅವನು ನಕ್ಕು ಗೋಡೆಯ ಕಡೆ ಮುಖ ಮಾಡಿ ಕೂತ. ಡೇಟಾಬೇಸಿನಲ್ಲಿ ಒಂದು ಒತ್ತಿದೆ, ಗಡಬಡಿಯಲ್ಲಿ ಸರ್ವರಿನಲ್ಲಿ ಇನ್ನೊಂದು ಒತ್ತಿದೆ. ಸರ್ವರು ಶುರುವಾಗಲೇ ಇಲ್ಲ.

"ಕಾಕಾರ, ಏನ್ ಒತ್ತೀರಿ?"

"ಅದನ್ನ ನಿನಗ್ಯಾಕ ಹೇಳ್ಲಿ?"

"ಹೇಳಬ್ಯಾಡ್ರಿ. ಎರಡೂ ಕಡೆ ಒಂದ ಇರಲಿ, ಅಷ್ಟ ಸಾಕು. ಈ ಗ್ವಾಡಿ ನೋಡಿ ನೋಡಿ ನನಗ ಸುಣ್ಣ ಹಚ್ಚೂ ಕೆಲಸ ಬಂದ್ಬಿಟ್ಟೈತಿ."

ಕೊನೆಗೆ ಶುರುವಾಯಿತು. ಪರೀಕ್ಷೆಗೆ ಹಾಕಿದ ಹೆಸರನ್ನು ಸರ್ವರು ಒಳಗೆ ಬಿಟ್ಟಿತು, ತಪ್ಪು ಪಾಸ್‌ವರ್ಡು ಕೊಟ್ಟಾಗ ಹೊರಗಿಟ್ಟಿತು. ಹೊರಡುವ ಮುಂಚೆ ಅವನು ಇನ್ನೊಂದು ಮಾತು ಹೇಳಿದ.

"ಕರೆಂಟ್ ಹೋದ್ರ ಮನಿ ಡಬ್ಬಿ ಹೇಳಿ ಹೋಗೂದಿಲ್ರಿ. ಡೇಟಾಬೇಸಿನ್ಯಾಗ ಅಂವ ಇನ್ನೂ ಒಳಗ ಅದಾನ ಅಂತ ಇರ್ತೈತಿ. ಡಬ್ಬಿ ಆಗಾಗ 'ಇದ್ದೇನಿ' ಅಂತ ಸುದ್ದಿ ಕೊಡೂ ಹಾಂಗ ಮಾಡೂಣು. ಸುದ್ದಿ ಬರಲಿಲ್ಲಂದ್ರ ಸರ್ವರ್ ತಾನ ಅಂವನ ಹೊರಗ ಹಾಕಿ ಲೆಕ್ಕ ಮುಚ್ಚಲಿ."

ತಾನೇ ಮುಚ್ಚಲಿ ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ನನ್ನನ್ನು ಕೇಳದೆ ಮುಚ್ಚುವ ಉಪಾಯ ಇವನಿಗೇಕೆ ಬೇಕು? ತನ್ನವರನ್ನು ಪುಕ್ಕಟೆ ಒಳಗೆ ಬಿಟ್ಟು ಗುರುತು ಅಳಿಸಲಿಕ್ಕೇ ಇರಬೇಕು. ಬೇಡ, ಯಾವುದೂ ತಾನಾಗಿ ಮುಚ್ಚುವುದು ಬೇಡ ಎಂದೆ. "ನಿಮ್ಮ ಮಾಲು, ನಿಮ್ಮ ಮರ್ಜಿ" ಎಂದು ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದ.

ನೇಕಾರರ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಗಂಡ ತೀರಿದ ಮೇಲೆ ಪವರ್‌ಲೂಮುಗಳನ್ನು ತಾನೇ ನಡೆಸಿದವಳು. ನನ್ನ ಹೆಂಡತಿ ಬದುಕಿದ್ದಾಗ ಇಬ್ಬರಿಗೂ ಬಹಳ ಸಲಿಗೆ. ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದಳು. ಸೀರೆಯ ಫೋಟೊಗಳನ್ನು ಮುಧೋಳ, ಬೀಳಗಿಯ ಅಂಗಡಿಗಳಿಗೆ ಕಳಿಸಿ ಆರ್ಡರು ಹಿಡಿಯಲು ನನ್ನಲ್ಲಿ ಕನೆಕ್ಷನ್ ತಗೊಂಡಿದ್ದಳು. ಅವಳ ಗೋಡೆಗೆ ಹತ್ತಿಯೇ ತಮ್ಮನ ಮನೆ. ಆ ತಮ್ಮ ಒಮ್ಮೆ ಕನೆಕ್ಷನ್ನಿನ ದರ ಕೇಳಿ, "ನೋಡೂಣ್ರಿ" ಎಂದು ಹೋದವನು ಮತ್ತೆ ಬಂದಿರಲಿಲ್ಲ. ಅಕ್ಕನ ಪಾಸ್‌ವರ್ಡಿನಲ್ಲೇ ಪುಕ್ಕಟೆ ನಡೆಸುತ್ತಿರಬೇಕು ಎನ್ನಲು ನನಗೆ ಅಷ್ಟೇ ಸಾಕಾಯಿತು.

ಆಫೀಸಿನಲ್ಲಿ ಕೂತು ಅವಳ ಹೆಸರು ಹಾಕಿ ಆ ದಿನದ ದಾಖಲೆ ಹುಡುಕಿದೆ. ಒಂದೇ ಹೆಸರಿನಲ್ಲಿ ಎರಡು ಸಾಲು. ಎರಡರಲ್ಲೂ ಬಂದ ಹೊತ್ತು ಇತ್ತು, ಹೋದ ಹೊತ್ತು ಇರಲಿಲ್ಲ. ಅಂದರೆ ಇಬ್ಬರು ಒಳಗಿದ್ದಾರೆ. ಮರುದಿನವೂ ಹಾಗೇ. ಬೇರೆ ಯಾರ ಹೆಸರನ್ನೂ ನಾನು ಹಾಕಿ ನೋಡಲಿಲ್ಲ. ಎಂಜಿನಿಯರನ ಮಾತೂ ನೆನಪಾಗಲಿಲ್ಲ. ಸರ್ವರಿಗೆಂದು ದೊಡ್ಡ ಬ್ಯಾಟರಿ ಇಟ್ಟುಕೊಂಡಿದ್ದೆ. ಆ ಕೋಣೆಯಲ್ಲಿ ಕೂತವನಿಗೆ ಊರಿನ ಕರೆಂಟು ಹೋದದ್ದು, ಬಂದದ್ದು ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಅವಳ ಓಣಿಗೆ ಹೋದೆ. ಕರೆಂಟು ಹೋಗಿತ್ತು. ಮಗ್ಗಗಳು ನಿಂತು, ಜನ ಕಟ್ಟೆಗಳ ಮೇಲೆ ಚಹಾ ಕುಡಿಯುತ್ತ ಕೂತಿದ್ದರು.

"ತಂಗಿ, ನಿನ್ನ ಪಾಸ್‌ವರ್ಡ್ ಯಾರಿಗೆ ಕೊಟ್ಟಿ?"

"ಯಾರಿಗೂ ಇಲ್ರಿ ಅಣ್ಣಾರ. ಯಾಕ್ರಿ?"

"ಒಂದ ಹೆಸರಿನ್ಯಾಗ ಇಬ್ಬರು ಅದಾರ. ಗ್ವಾಡಿ ಆಚೆ ಮಂದಿನ ಕೇಳು."

ಅವಳು ಚಹಾದ ಬಶಿಯನ್ನು ಕೆಳಗಿಟ್ಟಳು. "ನಾ ಕಳ್ಳಿ ಅಂತೀರೇನು?"

"ನಾ ಅನ್ನಾಕತ್ತಿಲ್ಲ, ಮಷೀನ್ ಅನ್ನಾಕತ್ತೈತಿ."

ಎದುರು ಕಟ್ಟೆಯಲ್ಲಿ ನನ್ನ ಜೊತೆ ಶಾಲೆಗೆ ಬಂದಿದ್ದ ಮುದುಕನಿದ್ದ. "ಲೇ, ವೈರ್ ಕತ್ತರಸೂದು ಮುಗೀತು, ಈಗ ಮಂದಿ ಮೂಗ ಕತ್ತರಸಾಕ ಬಂದಿ ಏನ?" ಎಂದ. ಯಾರೂ ನಗಲಿಲ್ಲ. ಅವಳು ಒಳಗೆ ಹೋಗಿ, ಗೋಡೆಯ ಡಬ್ಬಿಯನ್ನು ವೈರು ಸಮೇತ ಕಿತ್ತು ತಂದು ನನ್ನ ಕೈಯಲ್ಲಿಟ್ಟಳು.

ಡಬ್ಬಿ ತಂದು ಕಪಾಟಿನಲ್ಲಿಟ್ಟೆ. ಆದರೆ ಅಲ್ಲಿಗೆ ಮುಗಿಯಲಿಲ್ಲ. ತಾನು ಕೊಡದೆ ಪಾಸ್‌ವರ್ಡು ಅವನಿಗೆ ಹೇಗೆ ಹೋಯಿತೆಂದು ಅವಳು ತಮ್ಮನನ್ನು ಕೇಳಿದಳಂತೆ. ಅಕ್ಕ ಹಾಗೆ ಕೇಳಿದಳಲ್ಲ ಎಂದು ಅವನು ಮಾತು ಬಿಟ್ಟ. ಎರಡು ಮನೆಗಳ ನಡುವಿನ ಹಿತ್ತಲ ಬಾಗಿಲಿಗೆ ಚಿಲಕ ಬಿತ್ತು. ನನ್ನ ಅನುಮಾನ ಅವಳಿಗೂ ಅಂಟಿತ್ತು.

ಕೆಲವು ತಿಂಗಳ ಮೇಲೆ, ಅದೇ ಓಣಿಯ ಮತ್ತೊಂದು ಮನೆಯವರನ್ನು ಹಿಡಿಯಬೇಕೆಂದು ಹೋಗಿದ್ದೆ. ಆ ದಿನ ಬಂದು ಒಳಗಿರುವವರ ಹೆಸರೆಲ್ಲ ಕಾಣುವ ಹಾಗೆ ಫೋನು ತೆರೆದುಕೊಂಡು ನಿಂತಿದ್ದಾಗ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವನಿಗೆ ಅದು ನಿಂತರೆ ಎದೆ ಹೊಡೆದುಕೊಳ್ಳುವುದು ಕೇಳುತ್ತದೆ. ತಲೆ ಎತ್ತಿದೆ. ಆ ಮನೆಯ ಪಡಸಾಲೆಯಲ್ಲಿ ಡಬ್ಬಿಯ ದೀಪ ಆರಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಅವರ ಹೆಸರು ಹಸಿರಾಗಿ ಉರಿಯುತ್ತಿತ್ತು. ಓಣಿಯ ಅಷ್ಟೂ ಹೆಸರುಗಳು ಉರಿಯುತ್ತಿದ್ದವು. ಕರೆಂಟು ಬರುವ ತನಕ ಅಲ್ಲೇ ನಿಂತೆ. ಬಂದ ಮೇಲೆ ಅವೇ ಹೆಸರುಗಳು ಒಂದೊಂದಾಗಿ ಎರಡನೇ ಸಲ ಮೂಡತೊಡಗಿದವು. ಅವಳ ಹೆಸರಿನ ಎರಡು ಸಾಲೂ ಹೀಗೇ ಹುಟ್ಟಿದ್ದವು.

ಜಮಖಂಡಿಗೆ ಫೋನು ಮಾಡಿದೆ. ಎಂಜಿನಿಯರು ಬಂದವನೇ, "ಗ್ವಾಡಿ ಕಡೆ ಮಾರಿ ಮಾಡ್ಲೇನ್ರಿ ಕಾಕಾರ?" ಎಂದ. ಅವತ್ತು ಬೇಡವೆಂದದ್ದನ್ನು ಹಾಕಿಸಿದೆ. ಅದು ಬೇಗ ಮುಗಿಯಿತು.

ಅವಳ ಮನೆಗೆ ಹೋದಾಗ ಮಗ್ಗಗಳು ಓಡುತ್ತಿದ್ದವು. ಬಾಗಿಲಲ್ಲಿ ನಿಂತು ನನ್ನ ತಪ್ಪಾಯಿತು, ನಿನ್ನದೇನೂ ಇಲ್ಲ, ತಮ್ಮನದೂ ಇಲ್ಲ ಎಂದೆ. ಅವಳು ಕಿವಿಗೆ ಕೈ ಹಚ್ಚಿದಳು.

"ಕೇಳವಲ್ದು."

ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಅವಳು ಹತ್ತಿರ ಬಂದಳು.

"ಅವತ್ತ ಕರೆಂಟ್ ಹೋದಾಗ ಅಂದ್ರಿ, ಇಡೀ ಓಣಿ ಕೇಳಿತು. ಇದನ್ನೂ ಕರೆಂಟ್ ಹೋದಾಗ ಬಂದು ಅನ್ರಿ."

ಕಟ್ಟೆಯ ಮೇಲೆ ಕೂತೆ. ಆ ದಿನ ಕರೆಂಟು ಹೋಗಲಿಲ್ಲ. ಮುದುಕ ಗೆಳೆಯ ಬಂದು, "ಏನಲೇ, ನೇಕಾರರ ಓಣ್ಯಾಗ ಕರೆಂಟ್ ಹೋಗಲಿ ಅಂತ ಕಾಯೂ ಮನಶ್ಯಾನ್ನ ಇವತ್ತ ನೋಡಿದೆ" ಎಂದು ತಂಬಾಕು ಕೊಟ್ಟ. ಮರುದಿನವೂ ಬಂದು ಕೂತೆ. ಮಧ್ಯಾಹ್ನ ಮಗ್ಗಗಳು ನಿಂತವು. ಜನ ಹೊರಗೆ ಬಂದರು. ನಾನು ಎದ್ದು ನಿಂತು ಹೇಳಿದೆ: ಇವಳು ಯಾರಿಗೂ ಪಾಸ್‌ವರ್ಡು ಕೊಟ್ಟಿರಲಿಲ್ಲ, ತಮ್ಮ ಕದ್ದಿರಲಿಲ್ಲ, ಎಂಜಿನಿಯರು ಹೇಳಿದ್ದನ್ನು ಬೇಡವೆಂದವನು ನಾನು, ಮಷೀನಿನ ಹೆಸರು ಹೇಳಿ ಇವಳನ್ನು ಕಳ್ಳಿ ಮಾಡಿದವನೂ ನಾನೇ.

"ಆ ಬಾಗಲಾ ಕಡೆ ತಿರುಗಿ ಇನ್ನೊಮ್ಮೆ ಹೇಳು" ಎಂದ ಗೆಳೆಯ. ತಮ್ಮನ ಬಾಗಿಲಿಗೆ ತಿರುಗಿ ಇನ್ನೊಮ್ಮೆ ಹೇಳಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಆ ಬಾಗಿಲನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ತಮ್ಮ ಹೊರಗೆ ಬಂದ. ನನ್ನ ಕಡೆ ಕಣ್ಣೆತ್ತಲಿಲ್ಲ.

"ಅಕ್ಕಾ, ಚಹಾ ಆತೇನ?"

"ಇಲ್ಲೋ. ಹಾಲ ಇಲ್ಲ."

ಅವನು ಒಳಗೆ ಹೋಗಿ ಹಾಲಿನ ಪಾತ್ರೆ ತಂದ. ನಾನು ಕಟ್ಟೆ ಇಳಿದು ಆಫೀಸಿನ ದಾರಿ ಹಿಡಿದೆ. ಅವಳ ಡಬ್ಬಿ ಇನ್ನೂ ನನ್ನ ಕಪಾಟಿನಲ್ಲಿದೆ. ಅವಳು ಕೇಳಿಲ್ಲ, ತಗೋ ಎನ್ನುವ ಬಾಯಿ ನನಗೂ ಇಲ್ಲ.