ಹಾಡಿನ ಮೇಷ್ಟ್ರ ಮನೆಯವರು

ಪಕ್ಕದ ಮನೆಯವರು ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಹಳೆಯ ಹಾರ್ಮೋನಿಯಂ ಇಳಿಸಿ ನಮ್ಮ ಜಗುಲಿಯ ಮೇಲಿಟ್ಟರು. ಮುಚ್ಚಳ ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು, ಅದರ ಹಿಂದೆ ಹಳೇ ತೊಗಲಿನ ವಾಸನೆ. ನನಗೆ ಎಂಬತ್ತು ದಾಟಿದೆ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆದರೂ ಆ ವಾಸನೆಗೆ ನಮ್ಮ ಹಾಡಿನ ಮೇಷ್ಟ್ರು ಎದುರಿಗೇ ಬಂದು ಕೂತಂತಾಯಿತು. ಅವರ ಹಿಂದೆಯೇ ಹೆಡ್ಮಾಸ್ಟರೂ ಬಂದು ನಿಂತರು. ಇದೇ ನನ್ನ ಕರ್ಮ. ಮೇಷ್ಟ್ರನ್ನು ನೆನೆಯಬೇಕೆಂದರೆ ಆ ಮಹಾನುಭಾವರನ್ನೂ ನೆನೆದು ಬಾಯಿ ಕಹಿ ಮಾಡಿಕೊಳ್ಳಬೇಕು.

ಐವತ್ತರ ದಶಕದ ಕೊಯಮತ್ತೂರು. ನಮ್ಮದು ಮುನಿಸಿಪಾಲಿಟಿ ಶಾಲೆ. ಮಠವಲ್ಲ, ಭಜನೆ ಮಂದಿರವಲ್ಲ, ಊರವರ ತೆರಿಗೆಯಲ್ಲಿ ನಡೆಯುತ್ತಿದ್ದ ಶಾಲೆ. ಆರ್.ಎಸ್. ಪುರಂನ ವಕೀಲರ ಮಕ್ಕಳೂ ಉಕ್ಕಡಂನಿಂದ ಬರುತ್ತಿದ್ದ ಮೀನು ವ್ಯಾಪಾರಿಗಳ ಮಕ್ಕಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಉಕ್ಕಡಂನವರಲ್ಲಿ ಅರ್ಧ ಜನ ಸಾಯಬರ ಮಕ್ಕಳು. ಹಾಗಿದ್ದೂ ಹೆಡ್ಮಾಸ್ಟರಿಗೆ ಬೆಳಗಿನ ಪ್ರಾರ್ಥನೆ ಎಂದರೆ ತಮ್ಮ ಮನೆಯ ದೇವರಕೋಣೆ ಇದ್ದಂತೆ. ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು ವೇದಿಕೆ ಹತ್ತಿದರೆಂದರೆ ಇಳಿಯುತ್ತಲೇ ಇರಲಿಲ್ಲ. ಒಂದು ದಿನ ಸಿನಿಮಾ ನೋಡುವುದು ಪಾಪ, ಇನ್ನೊಂದು ದಿನ ಹೆಣ್ಣುಮಕ್ಕಳು ಎರಡು ಜಡೆ ಹಾಕುವುದು ಪಾಪ. ಬಿಸಿಲಿಗೆ ಮಕ್ಕಳು ತಲೆಸುತ್ತಿ ಬಿದ್ದರೂ ಅವರ ದೇವರಿಗೆ ಕರುಣೆ ಬರುತ್ತಿರಲಿಲ್ಲ...

ವೇದಿಕೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಹಾರ್ಮೋನಿಯಂ ಹಿಡಿದು ಕೂರುತ್ತಿದ್ದವರು ಹಾಡಿನ ಮೇಷ್ಟ್ರು. ಸಪೂರ ಮೈ, ದೊಡ್ಡ ಗಂಟಲು. ಹಾಡು ಶುರುವಾದರೆ ಆ ಗದ್ದಲದ ಅಂಗಳ ಒಂದೇ ಉಸಿರಾಗುತ್ತಿತ್ತು. ಸಾಧು ಮನುಷ್ಯ ಎಂದುಕೊಳ್ಳಬೇಡಿ. ಶ್ರುತಿ ತಪ್ಪಿದರೆ ಕೆಂಡವಾಗುತ್ತಿದ್ದರು. ನನಗಂತೂ, 'ನಿನ್ನ ಗಂಟಲು ಆ ಮೀನಿನ ಮಾರ್ಕೆಟ್ಟಿಗೇ ಲಾಯಕ್ಕು' ಎಂದು ಎಲ್ಲರೆದುರು ಹೇಳಿದ್ದರು. ನಾನು ಮೂತಿ ಊದಿಸಿಕೊಂಡದ್ದನ್ನು ನೋಡಿ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬೈದರೂ ನಕ್ಕರೂ ಅರೆಮನಸ್ಸು ಎಂಬುದಿರಲಿಲ್ಲ.

ಅವರದೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ. ತಲೆಮಾರುಗಳ ಹಿಂದೆ ಬಂದು ನೆಲೆ ನಿಂತವರು ನಾವು. ಅಕ್ಷರ ತಮಿಳು, ಬೀದಿ ತಮಿಳು, ಕನ್ನಡ ಮಾತ್ರ ಒಲೆಯ ಮುಂದೆ ಉಳಿದುಕೊಂಡಿತ್ತು. ನಾನು ಕನ್ನಡ ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ, ಮೈಸೂರಿನ ಗಂಡನಿಂದ. ಹೊರಗೆ ತಮಿಳಿನಲ್ಲಿ ಮಾತಾಡುವಾಗ ಮನೆಯ ಕನ್ನಡವನ್ನೇ ಪದಕ್ಕೆ ಪದ ಮಗುಚಿ ಹಾಕುವುದು ನಮ್ಮವರ ಅಭ್ಯಾಸ. ಹಾಗೆ ಮಗುಚಿದ ಒಂದು ಪದವೇ ಮೇಷ್ಟ್ರ ಕುತ್ತಿಗೆಗೆ ಬಂತು.

ಮೇಷ್ಟ್ರ ಜೊತೆ ಒಬ್ಬರು ವಾಸವಾಗಿದ್ದರು. ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ, ಅವಿನಾಶಿ ಕಡೆಯ ಹಳ್ಳಿಯವರು. ಮಾತು ಕಡಿಮೆ. ಸಂಜೆ ಸೈಕಲ್ ಇಳಿದು, ಉಗುರಿನ ಸಂದಿಯ ಗ್ರೀಸನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದುಕೊಂಡು, ಮೇಷ್ಟ್ರ ಹಾಡಿಗೆ ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ನಮ್ಮ ಮನೆ ಅದೇ ಬೀದಿಯಲ್ಲಿ ನಾಲ್ಕು ಹೆಜ್ಜೆ ಆಚೆ. ಅಮ್ಮನ ಹೊಲಿಗೆ ಮಿಷನ್ನು ಕೆಟ್ಟರೆ ಅವರೇ ಬಂದು ಸರಿ ಮಾಡುತ್ತಿದ್ದರು. ಮೇಷ್ಟ್ರು ಅವರನ್ನು 'ನಮ್ಮ ಮನೇವ್ರು' ಎನ್ನುತ್ತಿದ್ದರು. ಅಮ್ಮನೂ ಏನೂ ವಿಶೇಷವಿಲ್ಲವೆಂಬಂತೆ, "ಏನ್ ಮೇಷ್ಟ್ರೇ, ನಿಮ್ಮನೇವ್ರು ಇನ್ನೂ ಬರ್ಲಿಲ್ವಾ? ವಾಳೆಕ್ಕಾಯಿ ಬಜ್ಜಿ ಮಾಡಿದೀನಿ, ಈಸ್ಕೊಂಡೋಗಿ" ಎನ್ನುತ್ತಿದ್ದಳು. ಅಪ್ಪನನ್ನು ಕುರಿತು ಆಡುವಾಗಲೂ ಅವಳದು ಅದೇ ಮಾತು.

ಶಾಲೆಯಲ್ಲಿ ಮೇಷ್ಟ್ರು ಅದನ್ನೇ ತಮಿಳಿಗೆ ಮಗುಚಿ 'ಎಂಗ ವೀಟ್ಟುಕ್ಕಾರರ್' ಎನ್ನುತ್ತಿದ್ದರು. ತಮಿಳಿನಲ್ಲಿ ಆ ಪದಕ್ಕೆ ಎರಡು ಅರ್ಥ. ಬಾಡಿಗೆಗೆ ಇರುವವರು ಹೇಳಿದರೆ ಮನೆ ಮಾಲೀಕ. ಹೆಂಡತಿ ಹೇಳಿದರೆ ಗಂಡ. ಮೇಷ್ಟ್ರು ಬಾಡಿಗೆಗೆ ಇದ್ದಾರೆ, ಮಾಲೀಕರ ಮೇಲೆ ಪಾಪ ಬಹಳ ವಿಶ್ವಾಸ ಎಂದು ಇತರ ಮೇಷ್ಟ್ರುಗಳು ತಿಳಿದುಕೊಂಡಿದ್ದರು. 'ನಮಗೂ ಅಂಥ ವೀಟ್ಟುಕ್ಕಾರರ್ ಸಿಗಬಾರದೇ' ಎಂದು ತಮಾಷೆಯನ್ನೂ ಮಾಡುತ್ತಿದ್ದರಂತೆ. ಆ ತಪ್ಪು ತಿಳಿವಳಿಕೆಯ ನೆರಳಿನಲ್ಲಿ ಇಬ್ಬರೂ ವರ್ಷಗಟ್ಟಲೆ ನೆಮ್ಮದಿಯಾಗಿದ್ದರು. ಅದು ಹಾಗೇ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಒಂದು ಬೇಸಿಗೆಯಲ್ಲಿ ಫಿಟ್ಟರಿಗೆ ಟೈಫಾಯ್ಡ್ ಹಿಡಿಯಿತು. ಮೇಷ್ಟ್ರು ಮೇಲಿಂದ ಮೇಲೆ ರಜೆ ಕೇಳಿದರು, ವೀಟ್ಟುಕ್ಕಾರರಿಗೆ ಜ್ವರ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಎಂದು. ಮಾಲೀಕನ ಜ್ವರಕ್ಕೆ ಬಾಡಿಗೆಯವನು ಯಾಕೆ ಶುಶ್ರೂಷೆ ಮಾಡಬೇಕು? ಹೆಡ್ಮಾಸ್ಟರ ಮೂಗು ಅರಳಿತು. ಒಂದು ಸಂಜೆ ಛತ್ರಿ ಹಿಡಿದು ನಮ್ಮ ಬೀದಿಗೇ ಬಂದುಬಿಟ್ಟರು. ನಮ್ಮಪ್ಪ ವಕೀಲ ಅಂತ ಗೊತ್ತಿತ್ತಲ್ಲ, ಜಗುಲಿಯಲ್ಲಿ ಕೂತು ನೀರು ಮಜ್ಜಿಗೆ ಕುಡಿದು, ಆ ಮನೆ ಯಾರದ್ದು ಎಂದು ವಿಚಾರಿಸಿದರು. ಅಪ್ಪನಿಗೆ ಇದರ ಒಳಗುಟ್ಟು ಏನು ಗೊತ್ತು! ಮನೆ ಮೇಷ್ಟ್ರದ್ದೇ, ಅವರ ತಂದೆಯ ಕಾಲದ್ದು, ಕಾಗದಪತ್ರ ನೋಡಿದವನು ನಾನೇ ಎಂದುಬಿಟ್ಟರು. ಹೆಡ್ಮಾಸ್ಟರು ಮಜ್ಜಿಗೆ ಲೋಟ ಕೆಳಗಿಟ್ಟು ಎದ್ದರು. ಅವರ ಮುಖದಲ್ಲಿ ಸಂತೋಷವಿತ್ತು. ಅಯ್ಯೋ, ಆ ಸಂತೋಷ! ಇವತ್ತು ನೆನೆದರೂ ಹೊಟ್ಟೆ ಉರಿಯುತ್ತದೆ.

ಅವರು ಹೋದ ಮೇಲೆ ಅಮ್ಮ ಬಾಗಿಲ ಹಿಂದಿನಿಂದ ಹೊರಗೆ ಬಂದಳು.

"ಏನುಂಗ, ನಿಮ್ಗೆ ಈ ವಂಬು ತಂಟೆ ಬೇಕಾಗಿತ್ತಾ? ಗೊತ್ತಿಲ್ಲ ಅಂದಿದ್ರೆ ಆಗ್ತಿರ್ಲಿಲ್ವಾ?"

"ಮನೆ ಯಾರ್ದು ಅಂದ್ರು, ಹೇಳ್ದೆ. ಅದ್ರಲ್ಲಿ ಏನು ತಪ್ಪು?" ಎಂದರು ಅಪ್ಪ.

ಅಮ್ಮ ಒಳಗೆ ಹೋದಳು. ಪಾತ್ರೆಗಳ ಸದ್ದು ಅವತ್ತು ಸ್ವಲ್ಪ ಜೋರಾಗಿಯೇ ಇತ್ತು.

ಮರುದಿನದ ಪ್ರಾರ್ಥನೆ... ಮೇಷ್ಟ್ರು ಎಂದಿನಂತೆ ಹಾರ್ಮೋನಿಯಂ ಮುಂದೆ ಕೂತು ದೇವರ ಹಾಡು ಹಾಡಿಸಿದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು, ಶ್ರುತಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಹಾಡು ಮುಗಿಯಿತು. ಹೆಡ್ಮಾಸ್ಟರು ಗಂಟಲು ಸರಿ ಮಾಡಿಕೊಂಡು, ದೇವರು ಗಂಡಸನ್ನೂ ಹೆಂಗಸನ್ನೂ ಯಾಕೆ ಬೇರೆ ಬೇರೆ ಮಾಡಿದ ಎಂದು ಶುರು ಮಾಡಿದರು. ಗಂಡಸಿನ ಜೊತೆ ಸಂಸಾರ ಮಾಡುವ ಗಂಡಸು ಪಶುವಿಗಿಂತ ಕಡೆ, ಅಂಥವನಿಗೆ ನರಕದಲ್ಲೂ ಜಾಗವಿಲ್ಲ, ಅಂಥವನು ಮುಟ್ಟಿದ ಮಕ್ಕಳಿಗೂ ಆ ರೋಗ ಹತ್ತುತ್ತದೆ ಎಂದರು. ಅವರ ಮನೆದೇವರು ತಿರುಚೆಂಗೋಡಿನ ಅರ್ಧನಾರೀಶ್ವರ, ನೆನಪಿರಲಿ! ವರ್ಷಕ್ಕೊಮ್ಮೆ ಹೋಗಿ ಅರ್ಧ ಗಂಡು ಅರ್ಧ ಹೆಣ್ಣಿನ ಎದುರು ಅಡ್ಡಬಿದ್ದು ಬರುತ್ತಿದ್ದ ಮನುಷ್ಯ ಈ ಮಾತು ಆಡುತ್ತಿದ್ದರು. ಆ ವಿಭೂತಿಗಾದರೂ ನಾಚಿಕೆಯಾಗಬೇಕಿತ್ತು.

ಆಮೇಲೆ ನೇರವಾಗಿ ಮೇಷ್ಟ್ರ ಕಡೆ ಬೆರಳು ತೋರಿಸಿ, "ಇವರಿಗೆ ಸ್ವಂತ ಮನೆ ಇದೆ, ಮಕ್ಕಳೇ. ಸ್ವಂತ ಮನೆ ಇರುವವರಿಗೆ ವೀಟ್ಟುಕ್ಕಾರರ್ ಎಲ್ಲಿಂದ ಬಂದರು?" ಎಂದು ಕೇಳಿದರು. ಅರ್ಥವಾದ ದೊಡ್ಡ ಮಕ್ಕಳು ಮೊದಲು ನಕ್ಕರು. ಅರ್ಥವಾಗದ ಚಿಕ್ಕವು ಅವರನ್ನು ನೋಡಿ ನಕ್ಕವು. ದೇವರೇ ಇಲ್ಲವೆಂದು ದಿನಾ ಹೆಡ್ಮಾಸ್ಟರ ಜೊತೆ ಜಗಳವಾಡುತ್ತಿದ್ದ ತಮಿಳು ಮೇಷ್ಟ್ರು ಕೂಡ ಅವತ್ತು ಅವರ ಪಕ್ಕದಲ್ಲಿ ನಿಂತು ನಕ್ಕರು. ದೇವರ ವಿಷಯದಲ್ಲಿ ಕೂಡದ ಇಬ್ಬರು ಇದರಲ್ಲಿ ಎಷ್ಟು ಚೆನ್ನಾಗಿ ಕೂಡಿದರು! ನನಗೆ ನಗು ಬರಲಿಲ್ಲ. ನಮ್ಮಮ್ಮ ನಮ್ಮಪ್ಪನಿಗೆ ಆಡುವ ಮಾತು ಅದು, ಅದರಲ್ಲಿ ನಗುವಂಥದ್ದೇನಿದೆ ಎಂದು ಮೈಯೆಲ್ಲ ಉರಿಯಿತು.

ಗದ್ದಲ ಇಳಿದ ಮೇಲೆ ಹೆಡ್ಮಾಸ್ಟರು ದೊಡ್ಡ ಮನಸ್ಸು ಮಾಡಿದರು.

"ಅವರು ನಿಮ್ಮ ಬಾಡಿಗೆದಾರರು, ಬಾಯಿ ತಪ್ಪಿ ಹಾಗಂದಿರಿ ಅಂತ ಇಲ್ಲೇ ಒಂದು ಮಾತು ಹೇಳಿಬಿಡಿ. ಇಲ್ಲಿಗೆ ಬಿಟ್ಟುಬಿಡೋಣ. ಇಲ್ಲದಿದ್ದರೆ ನಾಳೆಯಿಂದ ನಿಮಗೆ ಇಲ್ಲಿ ಕೆಲಸ ಇಲ್ಲ."

ಒಂದು ಪದ ಬದಲಾಯಿಸಿದ್ದರೆ ಮುಗಿದುಹೋಗುತ್ತಿತ್ತು. ಮನೆಯಲ್ಲಿ ಕಾಯಿಲೆ, ಕೈಯಲ್ಲಿರುವುದು ಇದೊಂದೇ ಕೆಲಸ, ಬೇರೆ ಶಾಲೆಗೆ ಹೋದರೆ ಅಲ್ಲಿಗೂ ಈ ಸುದ್ದಿ ಹೋಗುತ್ತದೆ. ಹೇಳಿಬಿಡಿ ಮೇಷ್ಟ್ರೇ, ಹೇಳಿಬಿಡಿ ಎಂದು ನಾನು ನಿಂತಲ್ಲೇ ಮನಸ್ಸಿನಲ್ಲಿ ಗೋಗರೆಯುತ್ತಿದ್ದೆ. ಮೇಷ್ಟ್ರು ಹಾರ್ಮೋನಿಯಂನ ತಿದಿ ಮಡಚಿ ಕೊಂಡಿ ಹಾಕಿದರು. ಎದ್ದು ಪಂಚೆ ಕೊಡವಿಕೊಂಡರು. ಅಂಗಳದ ಕಡೆಯ ಸಾಲಿಗೂ ಕೇಳುವ ಆ ಗಂಟಲಿನಲ್ಲಿ ಹೇಳಿದರು:

"ಎಂಗ ವೀಟ್ಟುಕ್ಕಾರರುಕ್ಕು ಕಂಜಿ ನೇರಂ ಆಯ್ಡುಚ್ಚು, ಸಾರ್. ಪೋಯ್ಟ್ಟು ವರೇನ್."

ನಮ್ಮ ಮನೆಯವರಿಗೆ ಗಂಜಿಯ ಹೊತ್ತಾಯಿತು, ಹೋಗಿಬರುತ್ತೇನೆ. ಅಷ್ಟೇ. ನಗು ಮೊದಲಿಗಿಂತ ಜೋರಾಗಿ ಎದ್ದಿತು. ಅದರ ನಡುವೆಯೇ ನಡೆದು ಗೇಟು ದಾಟಿ ಹೋದರು. ಆಮೇಲೆ ಶಾಲೆಗೆ ಕಾಲಿಡಲಿಲ್ಲ. ಅವರು ಕಲಿಸಿದ ಹಾಡನ್ನು ಮಾತ್ರ ಹೆಡ್ಮಾಸ್ಟರು ನಮ್ಮಿಂದ ದಿನವೂ ಹಾಡಿಸಿದರು, ಅದಕ್ಕೆ ಯಾವ ರೋಗವೂ ಅಂಟಿರಲಿಲ್ಲ ನೋಡಿ.

ಬೀದಿಯೂ ಶಾಲೆಯ ದಾರಿಯನ್ನೇ ಹಿಡಿಯಿತು. ಹಾಲಿನವನು ಅವರ ಬಾಗಿಲಿಗೆ ಬರುವುದನ್ನು ನಿಲ್ಲಿಸಿದ. ಕಾಂಪೌಂಡಿನ ಗೋಡೆಯ ಮೇಲೆ ಇದ್ದಲಿನಲ್ಲಿ ಯಾರೋ ಹೊಲಸು ಬರೆದರು. ಅಮ್ಮ ಮಾತ್ರ ಬೀದಿ ನಲ್ಲಿಯ ಹತ್ತಿರ, ನಾಲ್ಕು ಹೆಂಗಸರು ಕೊಡ ಹಿಡಿದು ನಿಂತಿರುವಾಗಲೇ, ಬೇಕೆಂದೇ ಕೂಗಿ ಕೇಳುತ್ತಿದ್ದಳು, "ಮೇಷ್ಟ್ರೇ, ನಿಮ್ಮನೇವ್ರು ಹೆಂಗವ್ರೆ?" ಎಂದು. ಆ ಹೆಂಗಸರು ನಮ್ಮ ಮನೆಗೆ ಬರುವುದನ್ನೂ ಬಿಟ್ಟರು. ಹೋದರೆ ಹೋಗಲಿ, ಕಾಫಿಪುಡಿ ಉಳಿಯಿತು ಎಂದಳು ಅಮ್ಮ.

ಫಿಟ್ಟರು ಉಳಿಯಲಿಲ್ಲ. ಜ್ವರ ಬಿಟ್ಟಂತೆ ಮಾಡಿ ಮತ್ತೆ ಏರಿತು... ಅವಿನಾಶಿ ಕಡೆಯಿಂದ ಅಣ್ಣಂದಿರು, ಅಳಿಯಂದಿರು ಗಾಡಿ ಕಟ್ಟಿಕೊಂಡು ಬಂದರು. ಕಾಯಿಲೆಯಲ್ಲಿ ಒಬ್ಬರೂ ಇಣುಕಿರಲಿಲ್ಲ, ಹೆಣ ಒಯ್ಯಲು ಇಷ್ಟು ಜನ. ಮೇಷ್ಟ್ರು ತಲೆಯ ಬದಿಯಲ್ಲಿ ಕೂತಿದ್ದರು. ಇವರು ಯಾರು ಎಂದು ಹಿರಿಯಣ್ಣ ಕೇಳಿದ. ಗುಂಪಿನಲ್ಲಿ ಯಾರೋ, 'ವೀಟ್ಟುಕ್ಕಾರರ್' ಎಂದರು.

"ಓಹೋ, ಮನೆ ಓನರಾ? ಒಳ್ಳೇದುಂಗ, ಇಷ್ಟು ದಿನ ಜಾಗ ಕೊಟ್ಟಿದ್ದೀರಿ. ವೀಟ್ಟುಕ್ಕಾರರೇ, ಕೊಂಚ ಸರಿದು ನಿಲ್ಲುಂಗ. ನಮ್ಮೋರು ಕೂತ್ಕೊಳ್ಳಲಿ."

ಇಡೀ ಶಾಲೆಯ ಮುಂದೆ ಬಗ್ಗದ ಮನುಷ್ಯ ಅವತ್ತು ಎದ್ದು ಬಾಗಿಲ ಪಕ್ಕಕ್ಕೆ ಸರಿದು ನಿಂತರು. ಸ್ವಂತ ಮನೆಯಲ್ಲಿ! ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇಷ್ಟು ದಿನ ಹೇಲು ಉಚ್ಚೆ ಬಾಚಿದೋರು ಅವರು" ಎಂದು ಬಾಯಿ ತೆಗೆದಳು. ಮೇಷ್ಟ್ರೇ ಕೈಯೆತ್ತಿ ಬೇಡವೆಂದು ತಡೆದರು. ಗಾಡಿ ಹತ್ತಲು ಹೋದರು. ವೀಟ್ಟುಕ್ಕಾರರಿಗೆ ಯಾಕೆ ಸುಮ್ಮನೆ ತೊಂದರೆ ಎಂದು ಹಿರಿಯಣ್ಣ ಮರ್ಯಾದೆಯಾಗಿಯೇ ಬೇಡವೆಂದ. ಮೇಷ್ಟ್ರು ಬೀದಿಯ ತಿರುವಿನ ತನಕ ಗಾಡಿಯ ಹಿಂದೆ ನಡೆದು ಹೋಗಿ ಅಲ್ಲೇ ನಿಂತುಬಿಟ್ಟರು. ಸ್ವಲ್ಪ ದಿನಕ್ಕೆ ಮನೆ ಮಾರಿ ಊರು ಬಿಟ್ಟರು. ಎಲ್ಲಿಗೆ ಹೋದರು, ಎಷ್ಟು ದಿನ ಬದುಕಿದರು, ಮತ್ತೆ ಹಾಡಿದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಹೆಡ್ಮಾಸ್ಟರಿಗೆ ಮಾತ್ರ ರಿಟೈರಾದಾಗ ರೋಜಾ ಹಾರ ಹಾಕಿ ಮೆರವಣಿಗೆ ಮಾಡಿದರು.

ಮೊನ್ನೆ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ನಮ್ಮ ಮನೆಯವರು ಹೋದರು. ನಡುಮನೆಯಲ್ಲಿ ಮಲಗಿಸಿದ್ದರು. ನಾನು ಬಂದದ್ದೇ ಗುಂಪು ತಾನಾಗಿ ಬಿಚ್ಚಿಕೊಂಡಿತು, ಯಾರೋ ತೋಳು ಹಿಡಿದು ತಂದು ತಲೆಯ ಬದಿಯಲ್ಲಿ ಕೂರಿಸಿದರು. ನೀನು ಯಾರೆಂದು ಒಬ್ಬರೂ ಕೇಳಲಿಲ್ಲ. ಎತ್ತುವವರೆಗೂ ಅವರ ಹಣೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ, ಅಮ್ಮಾ ಸಾಕು ಎನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಜೋರಾಗಿ ಅತ್ತೆ. ಬಂದವರೆಲ್ಲ ಗಂಡನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡರು. ಅದರಲ್ಲಿ ಅರ್ಧ ಮೇಷ್ಟ್ರಿಗಾಗಿ.